ಸುಮಳಿಗೆ ತಂದ ಬ್ರೆಡ್ಡು

ಮಂಚದ ಪಕ್ಕ ನಾನು ಇಟ್ಟ ಬ್ರೆಡ್ಡನ್ನು ಡಾಕ್ಟರು ಎತ್ತಿ ನನ್ನ ಕೈಗೇ ವಾಪಸು ಕೊಟ್ಟರು. ಎಪ್ಪತ್ತರ ದಶಕದ ಕೊನೆಯ ಮಾತು, ಮಂಡ್ಯದ ಆಸ್ಪತ್ರೆ. ಮಲಗಿದ್ದವಳು ನನ್ನ ತಂಗಿಯ ಏಳು ವರ್ಷದ ಮಗಳು ಸುಮ. ತಿಂಗಳುಗಳಿಂದ ಅವಳ ಬಾಯಿಹುಣ್ಣು ವಾಸಿಯಾಗಿರಲಿಲ್ಲ. ಭೇದಿಯಿಂದ ಮೂಳೆ ಕಾಣುವಷ್ಟು ಸೊರಗಿದ್ದಳು. ಸಾರಿನ ಖಾರ ಉರಿಯುತ್ತದೆಂದು ಮುದ್ದೆ ನಿಲ್ಲಿಸಿ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಕೊಡುತ್ತಿದ್ದೆವು. ಮದ್ದೂರಿನಿಂದ ಬಸ್ಸಿನಲ್ಲಿ ತಂಗಿಯ ಮನೆಗೆ ಅದನ್ನು ತರುತ್ತಿದ್ದವನು ನಾನೇ.

“ಕೆಲವರಿಗೆ ಗೋಧಿ ಒಗ್ಗಲ್ಲ. ಈ ಹುಣ್ಣಿಗೂ ಅದೇ ಕಾರಣ ಇರಬಹುದು. ಉಪ್ಪಿಟ್ಟು, ಬಿಸ್ಕತ್ತಿನಿಂದ ಶುರುವಾಗಿ ಬ್ರೆಡ್ಡಿನಿಂದ ಹೆಚ್ಚಾಗಿರಬೇಕು. ಗೋಧಿ, ಮೈದಾ, ರವೆ ಪೂರ್ತಿ ಬಿಡಿಸಿ ನೋಡೋಣ” ಎಂದರು ಡಾಕ್ಟರು.

“ಇನ್ನೇನ್ ಕೊಡಾದು ಸ್ವಾಮಿ, ಬರೀ ರಾಗಿಯ?” ಎಂದಳು ತಂಗಿ. ಅವರು ಹೌದೆಂದು ತಲೆಯಾಡಿಸಿ, ಅನ್ನವೂ ಆಗುತ್ತದೆಂದರು.

ರಾಗಿ ಗಂಜಿ, ಅನ್ನದಲ್ಲೇ ಎರಡು ತಿಂಗಳು ಕಳೆಯುವಷ್ಟರಲ್ಲಿ ಹುಣ್ಣು ಮಾಯಿತು, ಕೆನ್ನೆ ತುಂಬಿತು. ಬ್ರೆಡ್ಡು ತಿಂದಾಗ ಹೊಟ್ಟೆ ನೋಯುತ್ತಿತ್ತೇ ಎಂದು ಒಂದು ದಿನ ಸುಮಳನ್ನು ಕೇಳಿದೆ. ನೋಯುತ್ತಿತ್ತಂತೆ. ಹಾಗಾದರೆ ಆಗಲೇ ಹೇಳಲಿಲ್ಲವೇಕೆ ಎಂದೆ.

“ಬ್ರೆಡ್ಡು ಬ್ಯಾಡ ಅಂದ್ರೆ ನೀನು ಬರಾದೇ ಬುಟ್ಬುಡ್ತೀಯೇನೋ ಅನ್ಕಂಡೆ ಮಾವ.”

ಈಗ ಕಾಯಿಲೆಯವರನ್ನು ನೋಡಲು ಬರಿಗೈಯಲ್ಲೇ ಹೋಗುತ್ತೇನೆ. ಹತ್ತಿರ ಕೂತು, ಏನು ತಿಂದರೆ ಹಿತವೆಂದು ಮೊದಲು ಕೇಳುತ್ತೇನೆ.