ನಡುಮನೆಯಲ್ಲಿ ನಿಂತ ಮಾತು

ನಮ್ಮ ಭಾವನಿಗೆ ಮಾತೇ ಬರುವುದಿಲ್ಲ ಎಂದು ಮದುವೆಯ ಹೊಸದರಲ್ಲಿ ನಾವೆಲ್ಲ ನಂಬಿದ್ದೆವು. ಊಟಕ್ಕೆ ಕೂತಾಗ ಅಮ್ಮ "ಇನ್ನೊಂಚೂರು ಬಡಿಸಲಾ" ಎಂದರೆ ಗಾಢವಾದ ಯೋಚನೆಗೆ ಬೀಳುತ್ತಿದ್ದರು. ಅವರು ಉತ್ತರ ಕೊಡುವಷ್ಟರಲ್ಲಿ ತಟ್ಟೆ ತುಂಬಿರುತ್ತಿತ್ತು. ಇಂಥ ಮನುಷ್ಯನ ಪಾಲಿಗೆ ಬಂದ ಕೆಲಸ ನೋಡಿ: ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದು. ಕಾರ್ಖಾನೆಯಲ್ಲಿ ಯಂತ್ರಗಳ ಮಾತು, ಮನೆಯಲ್ಲಿ ನನ್ನ ಅಮ್ಮ ಮತ್ತು ಚಿಕ್ಕಮ್ಮನ ಮಾತು. ಭಾವನನ್ನು ರೇಗಿಸುವುದು ನಾದಿನಿಯ ಹಕ್ಕು. ಅವರದೇ ಕಾರ್ಖಾನೆಯ ಲ್ಯಾಬಿನಲ್ಲಿ ನಾನೂ ಕೆಲಸ ಮಾಡುವುದರಿಂದ ಆ ಹಕ್ಕನ್ನು ಎರಡೂ ಕಡೆ ಧಾರಾಳವಾಗಿ ಚಲಾಯಿಸುತ್ತೇನೆ.

ನಮ್ಮದು ಗೋಡೆ, ಬಾಗಿಲುಗಳಿಗೆ ಬಳಿಯುವ ಬಣ್ಣದ ಕಾರ್ಖಾನೆ. ಪುಡಿ ತೂಗುವ ಯಂತ್ರ ಒಂದು ಕಂಪನಿಯದು, ಬಣ್ಣ ಕಲಸುವ ತೊಟ್ಟಿಗಳು ಇನ್ನೊಂದರದು, ಡಬ್ಬ ತುಂಬುವ ಸಾಲು ಮತ್ತೊಂದರದು. ಗೋದಾಮಿನ ಕಂಪ್ಯೂಟರಿನದು ಬೇರೆಯೇ ಕುಲ. ತೂಕದ ಯಂತ್ರ ಕಿಲೋದಲ್ಲಿ ಹೇಳಿದ್ದನ್ನು ಡಬ್ಬ ತುಂಬುವ ಯಂತ್ರ ಲೀಟರಿನಲ್ಲಿ ಕೇಳಬೇಕು. ಒಂದು ತೊಟ್ಟಿ ಕ್ಷಣಕ್ಕೊಮ್ಮೆ ವಟಗುಟ್ಟಿದರೆ ಪಕ್ಕದ್ದು ಕೇಳಿದರಷ್ಟೇ ಬಾಯಿ ಬಿಡುತ್ತಿತ್ತು. ಹಿಂದೆ ಇದ್ದವರು ಪ್ರತಿ ಜೋಡಿಗೂ ಬೇರೆ ಬೇರೆ ಪ್ರೋಗ್ರಾಂ ಬರೆದು ನೇರ ಸಂಬಂಧ ಕಲ್ಪಿಸಿದ್ದರು. ಅದರಲ್ಲಿ ಯಾರು ಯಾರಿಗೆ ಏನು ಹೇಳುತ್ತಾರೆಂದು ಬರೆದವರಿಗೂ ಮರೆತುಹೋಗಿತ್ತು. ಒಂದು ಯಂತ್ರ ಬದಲಾಯಿಸಿದರೆ ಉಳಿದವೆಲ್ಲ ಸಾಲಾಗಿ ಮಲಗಿಬಿಡುತ್ತಿದ್ದವು.

ಭಾವ ಬಂದವರೇ ಈ ನೇರ ಸಂಬಂಧಗಳನ್ನೆಲ್ಲ ಕಡಿದು ಹಾಕಿದರು.

"ಯಾರೂ ಇನ್ನೊಬ್ಬರ ಕೋಣೆಗೆ ನುಗ್ಗೋದು ಬೇಡ. ಎಲ್ಲರೂ ತಮ್ಮ ಸುದ್ದಿ ನಡುಮನೆಗೆ ತಂದು ಹೇಳಲಿ. ಬೇಕಾದವರು ಅಲ್ಲಿಂದ ತಗೊಳ್ಳಲಿ" ಎಂದರು.

ಹಾಗೆ ಕಾರ್ಖಾನೆಯ ನಡುವೆ ಒಂದು ದೊಡ್ಡ ಪ್ರೋಗ್ರಾಂ ಬಂದು ಕೂತಿತು. ಪ್ರತಿ ಯಂತ್ರದ ಬಾಗಿಲಲ್ಲಿ ಒಂದು ಪುಟ್ಟ ಪ್ರೋಗ್ರಾಂ ದುಭಾಷಿಯಾಗಿ ನಿಂತು, ಆ ಯಂತ್ರದ ಭಾಷೆಯನ್ನು ನಡುಮನೆಯ ಭಾಷೆಗೆ ತಿರುಗಿಸಿ ಒಳಗೆ ಕಳಿಸುತ್ತಿತ್ತು. ಹೊಸ ಯಂತ್ರ ಬಂದರೆ ಒಬ್ಬ ಹೊಸ ದುಭಾಷಿ ಸಾಕು, ಉಳಿದವರಿಗೆ ಸುದ್ದಿಯೇ ಇಲ್ಲ. ಕಾಗದಪತ್ರಗಳಲ್ಲಿ ಇದಕ್ಕೆ ಉಸಿರು ಕಟ್ಟುವಷ್ಟು ಉದ್ದದ ಹೆಸರಿತ್ತು. ಬಾಯಲ್ಲಿ ಎಲ್ಲರಿಗೂ ಅದು ನಡುಮನೆ.

ನಡುಮನೆಗೆ ಭಾವ ಎರಡು ಕಟ್ಟುಪಾಡು ಮಾಡಿದ್ದರು. ಯಾರಿಗೆ ಏನು ಬೇಕೋ ಅವರು ಮೊದಲೇ ಕೇಳಿಡಬೇಕು, ಕೇಳದ ಸುದ್ದಿಯನ್ನು ಯಾರ ಕಿವಿಗೂ ಹಾಕುವಂತಿಲ್ಲ. ಮತ್ತೊಂದು, ಯಾವುದಾದರೂ ಯಂತ್ರ ಸುಮ್ಮನಾದರೆ ಅದು ಕೊನೆಗೆ ಹೇಳಿದ್ದೇ ಪರದೆಯ ಮೇಲೆ ಉಳಿಯಬೇಕು. "ಪರದೆ ಖಾಲಿಯಾದ್ರೆ ಜನ ಗಾಬರಿ ಬೀಳ್ತಾರೆ" ಎನ್ನುವುದು ಅವರ ವಾದ. ಇದನ್ನೆಲ್ಲ ಚೌಕ ಮತ್ತು ಬಾಣ ಬರೆದು ವಿವರಿಸುವ ಚಟ ಅವರಿಗೆ. ಆವಿ ಕೂತ ಕಿಟಕಿ, ಹಿಟ್ಟು ಚೆಲ್ಲಿದ ಅಡುಗೆಕಟ್ಟೆ, ಯಾವುದೂ ಆದೀತು. ಕಟ್ಟೆ ಒರೆಸುವಾಗ ಅಕ್ಕ ಎಷ್ಟು ಕಾರ್ಖಾನೆಗಳನ್ನು ಅಳಿಸಿಹಾಕಿದ್ದಾಳೋ ಲೆಕ್ಕವಿಲ್ಲ.

ಇನ್ನು ಮನೆಯ ಸಂಗತಿ. ಚಿಕ್ಕಮ್ಮ ಸೇತುವೆಯಾಚೆ ತನ್ನ ಹೊಲಿಗೆ ಅಂಗಡಿಯ ಮೇಲಿನ ಮನೆಯಲ್ಲಿದ್ದಳು. ಅಜ್ಜಿ ತೀರಿಕೊಂಡಾಗ ಅಜ್ಜಿಯ ಮರದ ಬೀರು ಅವಳ ಪಾಲಿಗೆ ಹೋಯಿತು. ಅದು ಮಂಕಾಗಿದೆ ಎಂದು ಅವಳು ಹಸಿರು ಬಣ್ಣ ಬಳಿದುಬಿಟ್ಟಳು. ಬಣ್ಣದ ಡಬ್ಬ ತಂದುಕೊಟ್ಟವರು ನಮ್ಮ ಭಾವನೇ. ಅಮ್ಮ, ಚಿಕ್ಕಮ್ಮ ಇಬ್ಬರೂ ಚಿಕ್ಕವರಿದ್ದಾಗ ಆ ಬೀರುವಿನ ಪಕ್ಕಕ್ಕೆ ನಿಲ್ಲಿಸಿ, ಅವರ ಎತ್ತರಕ್ಕೆ ಸರಿಯಾಗಿ ಅಜ್ಜಿ ಚಾಕುವಿನಿಂದ ಗೀರು ಹಾಕುತ್ತಿದ್ದಳಂತೆ. ಆ ಗೀರುಗಳೆಲ್ಲ ಹಸಿರಿನಡಿ ಮುಚ್ಚಿಹೋದವು. "ನಮ್ಮಮ್ಮನ ಕೈಗುರುತು ಅಳಿಸಿದವಳ ಮುಖ ನೋಡಲ್ಲ" ಎಂದು ಅಮ್ಮ ಎದ್ದು ಬಂದಳು. ಚಿಕ್ಕಮ್ಮ ಏನು ಕಡಿಮೆಯೇ, "ನೋಡದಿದ್ರೆ ಬಿಡಲಿ" ಎಂದು ಬಾಗಿಲು ಹಾಕಿಕೊಂಡಳು.

ಹೆಣ್ಣುಮಕ್ಕಳು ನಡುವೆ ಹೋದರೆ ಪಕ್ಷ ಕಟ್ಟುತ್ತೇವೆಂದು ನನಗೂ ಅಕ್ಕನಿಗೂ ಅಮ್ಮ ಆ ಕಡೆ ತಲೆ ಹಾಕದಂತೆ ಆಣೆ ಹಾಕಿದಳು. ಭಾವ ಯಾರ ಪಕ್ಷಕ್ಕೂ ಸೇರದ ಪ್ರಾಣಿ. ಚಿಕ್ಕಮ್ಮನ ಮನೆಯ ನಲ್ಲಿ, ಫ್ಯಾನು ರಿಪೇರಿಗೆಂದು ಹೇಗೂ ಹೋಗಿ ಬರುತ್ತಿದ್ದರು. ಹಾಗಾಗಿ ಅವರೇ ನಡುಮನೆಯಾದರು. ಫೋನ್ ಇರಲಿಲ್ಲವೇ ಎಂದು ಕೇಳಬೇಡಿ. ಫೋನ್ ಇಬ್ಬರ ಹತ್ತಿರವೂ ಇತ್ತು, ಮೊದಲು ಮಾಡಬೇಕಾದವರು ಯಾರು ಎನ್ನುವುದೇ ಕಗ್ಗಂಟು.

ಅವರು ಹೋಗಿ ಬಂದಾಗಲೆಲ್ಲ ಅಮ್ಮ ಬಟ್ಟೆ ಮಡಚುತ್ತಲೋ ಕಾಳು ಆರಿಸುತ್ತಲೋ, ತನಗೇನೂ ಅಷ್ಟು ಆಸಕ್ತಿಯಿಲ್ಲದವಳಂತೆ ಕೇಳುವಳು.

"ಅಳಿಯಂದ್ರೇ, ಅವಳ ಕೋಪ ಇಳೀತಾ?"

"ಇನ್ನೂ ಇದೆ ಅತ್ತೆ."

ಅಮ್ಮನ ಕೈ ಒಂದು ಗಳಿಗೆ ನಿಲ್ಲುವುದು. ಆಮೇಲೆ "ಇರಲಿ ಬಿಡಿ, ಅವಳಿಗೇ ಅಷ್ಟಿದ್ರೆ ನನಗೇನು" ಎಂದು ಮಡಚಿದ ಬಟ್ಟೆಯನ್ನೇ ಮತ್ತೆ ಮಡಚುವಳು. ಅಮ್ಮನಿಗೆ ತಂಗಿ ಬೇಕಾಗಿದ್ದಾಳೆ ಎಂದು ಕುರುಡರಿಗೂ ಕಾಣುತ್ತಿತ್ತು. ನನಗೆ ಚಿಕ್ಕಮ್ಮನ ಮೇಲೆ ಸಿಟ್ಟು ಬರುತ್ತಿತ್ತು. ಇಷ್ಟು ವರ್ಷವಾದರೂ ಇಳಿಯದ ಕೋಪ ಎಂಥದ್ದು ಎಂದು.

ಹೀಗಿರುವಾಗ ಒಂದು ಬೆಳಿಗ್ಗೆ ಲ್ಯಾಬಿಗೆ ಬಂದ ಬಣ್ಣದಲ್ಲಿ ಕಲಕುವ ಕಡ್ಡಿ ಇಟ್ಟು ಕೈ ಬಿಟ್ಟೆ. ಕಡ್ಡಿ ಬೀಳಲಿಲ್ಲ, ಕಾವಲುಗಾರನ ಹಾಗೆ ನೆಟ್ಟಗೆ ನಿಂತುಕೊಂಡಿತು. ಬಣ್ಣ ಕಾದು ಗಟ್ಟಿಯಾಗಿತ್ತು. ತೊಟ್ಟಿಯ ಕಡೆ ಓಡಿದೆ. ಅಲ್ಲಿ ಗಾಜಿನ ಕೋಣೆಯಲ್ಲಿ ತೊಟ್ಟಿ ಮೇಸ್ತ್ರಿ ಪರದೆ ನೋಡುತ್ತ ನೆಮ್ಮದಿಯಾಗಿ ಕೂತಿದ್ದ.

"ಬಿಸಿ ಎಷ್ಟಿದೆ ಮೇಸ್ತ್ರಿ?"

"ಸರಿಯಾಗೇ ಇದೆಯಲ್ಲ ಮೇಡಂ. ಬೆಳಿಗ್ಗೆಯಿಂದ ಒಂಚೂರೂ ಅಲ್ಲಾಡಿಲ್ಲ. ಇವತ್ತು ಬಲು ಒಳ್ಳೇ ಮಗುವಾಗಿದೆ."

ಒಳ್ಳೆಯ ಮಗು ಒಳಗೊಳಗೇ ಕುದಿಯುತ್ತಿತ್ತು. ಬಿಸಿ ಅಳೆಯುವ ಕಡ್ಡಿಯ ತಂತಿಯನ್ನು ಇಲಿ ಕಡಿದಿತ್ತು. ತೊಟ್ಟಿ ಮಾತು ನಿಲ್ಲಿಸಿದೊಡನೆ ನಡುಮನೆ ಕಟ್ಟುಪಾಡಿನ ಪ್ರಕಾರ ಅದರ ಕೊನೆಯ ಮಾತನ್ನು ಹಿಡಿದುಕೊಂಡು ಕೂತಿತ್ತು. ಬಿಸಿ ಏರಿದ ಸುದ್ದಿ ಬರಲಿಲ್ಲ, ಹಾಗಾಗಿ ತಣ್ಣೀರಿನ ನಲ್ಲಿಯೂ ತೆರೆಯಲಿಲ್ಲ. ತೊಟ್ಟಿಯಲ್ಲಿದ್ದ ಅಷ್ಟೂ ಬಣ್ಣವನ್ನು ಸಲಿಕೆಯಿಂದ ತೆಗೆಯಬೇಕಾಯಿತು.

ಮಧ್ಯಾಹ್ನ ದೊಡ್ಡ ಸಾಹೇಬರು ಎಲ್ಲರನ್ನೂ ಕರೆಸಿದರು. ಅವರು ಕೂಗಾಡುವ ಪೈಕಿಯಲ್ಲ. ಕೂಗಾಡಿದ್ದರೇ ವಾಸಿಯಿತ್ತು.

"ತೊಟ್ಟಿ ಮಾತಾಡ್ತಿಲ್ಲ ಅನ್ನೋದು ನಿಮ್ಮ ನಡುಮನೆಗೆ ಗೊತ್ತಿತ್ತಾ?"

"ಗೊತ್ತಿತ್ತು ಸರ್" ಎಂದರು ಭಾವ.

"ಮತ್ತೆ ಯಾಕೆ ಹೇಳಲಿಲ್ಲ?"

"ಅದನ್ನ ಯಾರೂ ಕೇಳಿರಲಿಲ್ಲ ಸರ್. ಬಿಸಿ ಎಷ್ಟು ಅಂತ ಮಾತ್ರ ಕೇಳಿಟ್ಟಿದ್ರು."

"ಗೊತ್ತಿಲ್ಲ ಅಂತ ಒಂದು ಮಾತು ಹೇಳೋಕೆ ಅದಕ್ಕೇನು ನಾಚಿಕೆಯಾ?"

ಭಾವನ ಕಿವಿ ಕೆಂಪಾಯಿತು. ನಾಚಿಕೆ ನಡುಮನೆಗಲ್ಲ, ಕಟ್ಟಿದವರಿಗೆ ಎಂದು ನನಗೆ ಗೊತ್ತಿತ್ತು. ಊರಲ್ಲಿ ಯಾರಾದರೂ ದಾರಿ ಕೇಳಿದರೆ ಗೊತ್ತಿಲ್ಲ ಎನ್ನಲಾರದೆ, ಗೊತ್ತಿರುವ ಬೇರೆ ಯಾವುದೋ ಜಾಗಕ್ಕೆ ದಾರಿ ಹೇಳಿ ಕಳಿಸುವ ಮಹಾನುಭಾವರು ಅವರು.

ಎರಡು ವಾರ ಊಟ ನಿದ್ದೆ ಬಿಟ್ಟು ಅದನ್ನು ಸರಿಪಡಿಸಿದರು. ಈಗ ಪ್ರತಿ ಸುದ್ದಿಯ ಜೊತೆ ಅದನ್ನು ಯಾವಾಗ ಹೇಳಿದ್ದು ಎಂಬುದೂ ಬರುತ್ತಿತ್ತು. ಸುದ್ದಿ ತೀರಾ ಹಳೆಯದಾದರೆ ಅಂಕಿ ಮಾಯವಾಗಿ ಬೂದು ಚೌಕವೊಂದು ಕಾಣಿಸಿಕೊಂಡು, ಅದರೊಳಗೆ "ಗೊತ್ತಿಲ್ಲ" ಎಂದು ಬರುತ್ತಿತ್ತು. ಜನ ಗಾಬರಿ ಬೀಳಲಿಲ್ಲ. ಬೂದು ಕಂಡರೆ ಮೇಸ್ತ್ರಿ ಕುರ್ಚಿ ಬಿಟ್ಟೆದ್ದು, ಥರ್ಮಾಮೀಟರ್ ಹಿಡಿದು ತೊಟ್ಟಿಯ ಹತ್ತಿರ ನಡೆದು ಹೋಗುತ್ತಿದ್ದ, ಅಷ್ಟೆ. ಅವನ ಹೊಟ್ಟೆಯೂ ಒಂದಿಷ್ಟು ಕರಗಿತು.

ಅದೇ ದಿನಗಳಲ್ಲಿ ಒಂದು ಸಂಜೆ ಬಸ್ಸಿನಲ್ಲಿ ಭಾವನ ಪಕ್ಕ ಕೂತಿದ್ದೆ. ಹೊಸ ವ್ಯವಸ್ಥೆಯ ಖುಷಿಯಲ್ಲಿ ಅವರು ಕಿಟಕಿಯ ಧೂಳಿನ ಮೇಲೆ ಚೌಕ ಬರೆಯುತ್ತಿದ್ದರು. ನನ್ನ ನಾಲಗೆ ಸುಮ್ಮನಿರಲಿಲ್ಲ.

"ಅಲ್ಲ ಭಾವ, ಚಿಕ್ಕಮ್ಮನ ಕೋಪ ಇನ್ನೂ ಇದೆ ಅಂತೀರಲ್ಲ, ಅದು ಯಾವಾಗ ಹೇಳಿದ್ದು?"

ಬೆರಳು ಅಲ್ಲೇ ನಿಂತಿತು.

"ಜಗಳ ಆದ ವಾರ" ಎಂದರು.

"ಆಮೇಲೆ?"

"ಆಮೇಲೆ ಅವರು ಕೋಪದ ವಿಷಯ ಏನೂ ಹೇಳಿಲ್ಲ. ಇಳೀತು ಅಂತ ಬಾಯಿಬಿಟ್ಟು ಹೇಳಿದ್ರೆ ತಾನೆ ನಾನು ಬದಲಾಯಿಸೋದು?"

"ಮತ್ತೆ ಹೋದಾಗಲೆಲ್ಲ ಏನು ಮಾತಾಡ್ತಾರೆ?"

"ಅಕ್ಕನ ಕೋಪ ಇಳೀತಾ ಅಂತ ಕೇಳ್ತಾರೆ."

"ನೀವೇನು ಹೇಳ್ತೀರಿ?"

"ಇನ್ನೂ ಇದೆ ಅಂತ" ಎಂದವರು ನನ್ನ ಮುಖ ನೋಡಿ, "ಅತ್ತೇನೂ ಇಳೀತು ಅಂತ ಹೇಳಿಲ್ಲವಲ್ಲ. ಇಬ್ಬರೂ ಬರೀ ಪ್ರಶ್ನೆ ಕೇಳ್ತಾರೆ" ಎಂದರು. ಆಮೇಲೆ ದನಿ ಸಣ್ಣಗಾಯಿತು. "ಪ್ರಶ್ನೆ ಸುದ್ದಿ ಅಲ್ಲ ಅಂದ್ಕೊಂಡಿದ್ದೆ."

ಬಸ್ಸು ಒಂದು ತಿರುವು ದಾಟಿದ ಮೇಲೆ ಅವರೇ ಮುಂದುವರಿಸಿದರು.

"ಇನ್ನೊಂದಿದೆ. ಚಿಕ್ಕತ್ತೆ ಅಂಗಡಿ ಮುಚ್ಚಿ ಮಗಳ ಊರಿಗೆ ಹೋಗ್ತಿದ್ದಾರೆ. ಪೂರ್ತಿಯಾಗಿ. ಸಾಮಾನು ಕಟ್ತಿದ್ರು."

"ಅಮ್ಮನಿಗೆ ಗೊತ್ತಾ?"

"ಅವರು ಕೇಳಿಲ್ಲ."

ಭಾವನನ್ನು ಬಸ್ಸಿನಿಂದ ತಳ್ಳಬೇಕು ಎನ್ನಿಸಿದ್ದು ಅದೇ ಮೊದಲಲ್ಲ, ಆದರೆ ನಿಜವಾಗಿಯೂ ಎನ್ನಿಸಿದ್ದು ಅದೇ ಮೊದಲು. ಅಮ್ಮನಿಗೆ ನಾನೇ ಹೇಳುತ್ತೇನೆ ಎಂದೆ. ಅವರು ಬೇಡ ಎಂದು ತಲೆಯಾಡಿಸಿದರು. ಕೆಡಿಸಿದವನು ನಾನು, ನಾನೇ ಹೇಳಬೇಕು ಎಂದರು. ಆಗ ಅವರ ಮುಖ ಸಾಹೇಬರ ಮುಂದೆ ನಿಂತಾಗಿನದಕ್ಕಿಂತ ಬಿಳುಚಿತ್ತು. ನನ್ನ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ಮನೆ ಹೊಕ್ಕಾಗ ಅಮ್ಮ ಟವೆಲು ಮಡಚುತ್ತಿದ್ದಳು. ಭಾವ ಚಪ್ಪಲಿ ಕೂಡ ಬಿಡದೆ ಹೊಸ್ತಿಲಲ್ಲೇ ನಿಂತರು. ಅಮ್ಮ ತಲೆ ಎತ್ತಲಿಲ್ಲ.

"ಆ ಕಡೆ ಹೋಗಿದ್ರಾ? ಅವಳ ಕೋಪ ಇಳೀತಾ?"

ಇಷ್ಟು ವರ್ಷದ ಉತ್ತರ ಅವರ ನಾಲಗೆಯ ತುದಿಗೆ ಬಂದದ್ದು ನನಗೆ ಕಂಡಿತು. ಅದನ್ನು ನುಂಗಿಕೊಂಡರು.

"ಗೊತ್ತಿಲ್ಲ ಅತ್ತೆ."

ಅಮ್ಮನ ಕೈ ನಿಂತಿತು. "ಗೊತ್ತಿಲ್ಲ ಅಂದ್ರೆ?"

"ನಾನು ಹೇಳ್ತಿದ್ದದ್ದು ಜಗಳದ ವಾರದ ಮಾತು. ಅದನ್ನೇ ಹೇಳ್ತಾ ಬಂದೆ. ಈಗ ಹೇಗಿದೆಯೋ ನಾನು ಕೇಳಿಲ್ಲ. ಅವರು ಶನಿವಾರ ಊರು ಬಿಟ್ಟು ಹೋಗ್ತಿದ್ದಾರೆ. ಅದನ್ನೂ ಹೇಳಿರಲಿಲ್ಲ. ತಪ್ಪಾಯ್ತು."

ಅಮ್ಮ ಬೈಯುತ್ತಾಳೆ ಎಂದು ಇಬ್ಬರೂ ಕಾದೆವು. ಅವಳು ಟವೆಲನ್ನು ಮಡಚದೆ ಹಾಗೇ ಮಂಚದ ಮೇಲೆ ಬಿಟ್ಟು ಎದ್ದಳು, ಚಪ್ಪಲಿ ಮೆಟ್ಟಿಕೊಂಡಳು, ಬಾಗಿಲಿಗೆ ಅಡ್ಡವಾಗಿ ನಿಂತಿದ್ದ ಅಳಿಯನಿಗೆ "ದಾರಿ ಬಿಡಿ" ಎಂದಳು.

ಸೇತುವೆಯನ್ನು ಅಮ್ಮ ಅಷ್ಟು ಬೇಗ ದಾಟಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನಾವಿಬ್ಬರೂ ಹಿಂದೆ ಹಿಂದೆ ಓಡಿದೆವು. ಚಿಕ್ಕಮ್ಮನ ಬಾಗಿಲು ತೆರೆದೇ ಇತ್ತು. ಒಳಗೆಲ್ಲ ರಟ್ಟಿನ ಪೆಟ್ಟಿಗೆ, ಹಗ್ಗ. ಚಿಕ್ಕಮ್ಮ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ತಿರುಗಿದಳು. ಅವಳ ತಲೆ ಪೂರ್ತಿ ಬೆಳ್ಳಗಾಗಿತ್ತು. ಅಮ್ಮನನ್ನು ನೋಡಿ, "ನಿನ್ನ ಕೋಪ ಇಳಿದಿಲ್ಲ ಅಂದ್ರಲ್ಲ" ಎಂದಳು.

"ನಿಂದೇ ಇಳಿದಿಲ್ಲ ಅಂದ್ರು" ಎಂದಳು ಅಮ್ಮ.

ಇಬ್ಬರೂ ಒಟ್ಟಿಗೆ ಭಾವನ ಕಡೆ ತಿರುಗಿದರು. ಭಾವ ಒಂದು ರಟ್ಟಿನ ಪೆಟ್ಟಿಗೆಯನ್ನು ಬಹಳ ಶ್ರದ್ಧೆಯಿಂದ ಗಮನಿಸತೊಡಗಿದರು.

ಗೋಡೆಯ ಪಕ್ಕ ಬೀರು ನಿಂತಿತ್ತು. ಹಸಿರು ಎಲ್ಲೂ ಇರಲಿಲ್ಲ, ಮರವೇ ಕಾಣುತ್ತಿತ್ತು. ಪಕ್ಕದಲ್ಲಿ ಒಂದರ ಮೇಲೊಂದು ಚಾಕುವಿನ ಗೀರುಗಳು. ಅಮ್ಮ ಹತ್ತಿರ ಹೋಗಿ ಒಂದೊಂದನ್ನೂ ಬೆರಳಿನಿಂದ ಮುಟ್ಟಿದಳು.

"ಜಗಳ ಆದ ವರ್ಷವೇ ಕೆರೆದುಬಿಟ್ಟೆ. ಅಂಗಡಿ ಮುಚ್ಚಿದ ಮೇಲೆ ಸಂಜೆ ಹೊತ್ತು ಕೂತು ಕೆರೀತಿದ್ದೆ. ನೀನು ಬಂದು ನೋಡ್ತೀಯ ಅಂತ. ಅಳಿಯಂದ್ರಿಗೂ ತೋರಿಸಿದ್ದೆ" ಎಂದಳು ಚಿಕ್ಕಮ್ಮ.

ಅಮ್ಮ ತಿರುಗಿ ನೋಡಿದಳು. ಭಾವ ಬಾಯಿ ತೆರೆದರು. ನೀವು ಬೀರುವಿನ ವಿಷಯ ಕೇಳಿರಲಿಲ್ಲ ಎಂದು ಎಲ್ಲಿ ಹೇಳಿಬಿಡುತ್ತಾರೋ ಎಂದು ನಾನು ಅವರ ಕಾಲು ತುಳಿದೆ. ಹೇಳಲಿಲ್ಲ. ಅವರ ಕಣ್ಣು ತುಂಬಿತ್ತು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

ಅಮ್ಮ ಅಳುತ್ತಿದ್ದಳು. ಅಳುತ್ತಲೇ ಚಿಕ್ಕಮ್ಮನ ಕೈಯಿಂದ ಕತ್ತರಿ ತೆಗೆದಿಟ್ಟು, ಅವಳ ಪಕ್ಕ ಪೆಟ್ಟಿಗೆಗಳ ನಡುವೆ ನೆಲದ ಮೇಲೆ ಕೂತಳು. ಹೋಗಬೇಡ ಎನ್ನಲಿಲ್ಲ, ಅದಕ್ಕೆ ಹೊತ್ತು ಮೀರಿತ್ತು. ಅಂಗಡಿ ಬೇರೆಯವರ ಕೈ ಸೇರಿತ್ತು, ಮೊಮ್ಮಗು ಅಲ್ಲಿ ಕಾಯುತ್ತಿತ್ತು. ಇಷ್ಟು ವರ್ಷದ ಮಾತಿಗೆ ಇವರ ಪಾಲಿಗೆ ಉಳಿದದ್ದು ಶನಿವಾರದವರೆಗಿನ ಹೊತ್ತು.

ಇಬ್ಬರೂ ಒಂದೇ ಸಮನೆ ಮಾತಿಗೆ ತೊಡಗಿದರು. ಒಬ್ಬರದು ಮುಗಿಯುವ ಮೊದಲೇ ಇನ್ನೊಬ್ಬರದು. ಯಾವ ಕಟ್ಟುಪಾಡೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅಮ್ಮ ತಲೆ ಎತ್ತಿದಳು.

"ಅಳಿಯಂದ್ರೇ, ನನ್ನ ಎರಡು ಜೊತೆ ಬಟ್ಟೆ ತಂದುಕೊಡಿ. ಶನಿವಾರದ ತನಕ ಇಲ್ಲೇ ಇರ್ತೀನಿ."

"ಆಗಲಿ ಅತ್ತೆ. ಮನೆಯಲ್ಲಿ ಏನು ಹೇಳಲಿ?"

"ನೀವೇನೂ ಹೇಳಬೇಡಿ" ಎಂದಳು ಅಮ್ಮ. "ನಾನೇ ಫೋನ್ ಮಾಡ್ತೀನಿ."