ಎಣಿಸದ ರೊಟ್ಟಿ

ರೊಟ್ಟಿ ಬಡಿದು ಬಡಿದು ನಮ್ಮ ಅತ್ತೆಯ ಬಲ ಅಂಗೈ ಮಣೆಯ ಹಾಗೆ ಚಪ್ಪಟೆಯಾಗಿತ್ತು. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಆ ಕೈಯಿಂದಲೇ ತಿರುವಿ ಹಾಕುತ್ತಿದ್ದರು. ಹಂಚು ಎಷ್ಟಗಲವೋ ರೊಟ್ಟಿಯೂ ಅಷ್ಟಗಲ, ಅಂಚು ಒಂದಿಷ್ಟೂ ಸೀಳುತ್ತಿರಲಿಲ್ಲ. ಕೊಟ್ಟೂರಿನ ನಮ್ಮ ಓಣಿಗೆಲ್ಲ ಆ ಬಡಿತ ಕೇಳುತ್ತಿತ್ತು.

ಮದುವೆಯಾಗಿ ಬಂದ ಹೊಸತರಲ್ಲಿ ನಾನೊಂದು ಜಾಣತನ ಮಾಡಿದೆ. ಮನೆಯಲ್ಲಿ ಯಾರು ಎಷ್ಟು ರೊಟ್ಟಿ ತಿನ್ನುತ್ತಾರೆಂದು ಕೇಳಿ, ಅಷ್ಟಕ್ಕೇ ಹಿಟ್ಟು ನಾದುತ್ತೇನೆ ಎಂದೆ. ಅತ್ತೆಯ ಮುಖ ಸಣ್ಣದಾಯಿತು. “ಉಣ್ಣೋರ ರೊಟ್ಟಿ ಎಣಸಬಾರದವ್ವ,” ಎಂದರು. ಎಣಿಸಿದರೆ ತಿಂದವರ ಮೈಗೆ ಹತ್ತುವುದಿಲ್ಲ ಎಂಬುದು ಅವರ ನಂಬಿಕೆ. ಬುಟ್ಟಿ ತುಂಬುವವರೆಗೆ ಬಡಿಯಬೇಕು, ತಟ್ಟೆ ಬರಿದಾಗುವ ಮೊದಲೇ ಇನ್ನೊಂದು ಹಾಕಬೇಕು. ಸಾಕೆಂದು ತಟ್ಟೆಗೆ ಕೈ ಅಡ್ಡ ಹಿಡಿದರೆ ಪಕ್ಕದಿಂದ ಜಾರಿಸುತ್ತಿದ್ದರು.

ಬೇರೆಯವರ ಮೈಗೆ ಹತ್ತಿತೋ ಇಲ್ಲವೋ, ನನ್ನ ಮೈಗೆ ಮಾತ್ರ ಚೆನ್ನಾಗಿ ಹತ್ತಿತು. ಎರಡನೆಯ ಮಗುವಾದ ಮೇಲೆ ಊದುತ್ತಲೇ ಹೋದೆ. ಅತ್ತೆ ಬಡಿಸಿದ್ದು ಸಾಲದೆಂಬಂತೆ ಮಕ್ಕಳು ಬಿಟ್ಟ ಅನ್ನ, ಬೋಗುಣಿಯ ತಳದ ಪಲ್ಯ ಎಲ್ಲವನ್ನೂ ಚೆಲ್ಲಲಾರದೆ ನಾನೇ ಮುಗಿಸುತ್ತಿದ್ದೆ. ಕೂಡ್ಲಿಗಿ ಕಡೆಯ ಹಳ್ಳಿಯೊಂದರಲ್ಲಿ ಟೀಚರ್ ಕೆಲಸ, ದಿನಾ ಬಸ್ಸು ಹತ್ತಿ ಇಳಿಯಬೇಕು. ಮೊಣಕಾಲು ಹಿಡಿದುಕೊಳ್ಳತೊಡಗಿತು. ತೂಕ ಇಳಿಸದಿದ್ದರೆ ಓಡಾಡುವ ಕೆಲಸ ಬಿಡಬೇಕಾದೀತು ಎಂದ ಡಾಕ್ಟರು, ಊಟಕ್ಕೆ ಎರಡೇ ರೊಟ್ಟಿ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಆ ಕೆಲಸ ನನ್ನ ಜೀವವಾಗಿತ್ತು. ಎರಡಾದ ಕೂಡಲೇ ಕೈ ತೊಳೆಯತೊಡಗಿದೆ.

ಅತ್ತೆ ಜಗಳವಾಡಲಿಲ್ಲ, ಊಟ ಬಿಟ್ಟರು. ಸೊಸೆ ಎಣಿಸಿ ಉಣ್ಣುವ ಮನೆಯಲ್ಲಿ ತಮಗೆ ತುತ್ತು ಇಳಿಯುವುದಿಲ್ಲವಂತೆ. ಇತ್ತ ಡಾಕ್ಟರು, ಅತ್ತ ಅತ್ತೆ, ನಡುವೆ ನನ್ನ ಗಂಡ ತಟ್ಟೆಯಿಂದ ತಲೆಯನ್ನೇ ಎತ್ತುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಸೋತು ಮೊದಲಿನ ಹಾಗೇ ಉಣ್ಣತೊಡಗಿದೆ.

ಒಮ್ಮೆ ನಾನೂ ಅತ್ತೆಯೂ ಹಗರಿಬೊಮ್ಮನಹಳ್ಳಿಗೆ ನೆಂಟರ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ಹೊರಟಿದ್ದೆವು. ಬಸ್ಸಿನ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟೆ, ಮೊಣಕಾಲು ಏಳಲಿಲ್ಲ. ಹಿಂದೆ ಜನ ನಿಂತಿದ್ದಾರೆ, ನಾನು ಕಂಬಿ ಹಿಡಿದು ಅಳುತ್ತಿದ್ದೇನೆ. ಅತ್ತೆ ಕೆಳಗಿನಿಂದ ದೂಡಿ, ಕಂಡಕ್ಟರ್ ಮೇಲಿನಿಂದ ಎಳೆದು ಹತ್ತಿಸಿದರು. ದಾರಿಯುದ್ದಕ್ಕೂ ಅತ್ತೆ ಆ ಚಪ್ಪಟೆ ಅಂಗೈಯನ್ನು ನನ್ನ ಮೊಣಕಾಲ ಮೇಲಿಟ್ಟು ಕೂತಿದ್ದರು.

ಮರುದಿನದಿಂದ ರೊಟ್ಟಿ ಚಿಕ್ಕದಾಯಿತು. ಹಿಟ್ಟಿನ ಉಂಡೆ ಕಿರಿದಾಗಿ, ರೊಟ್ಟಿ ಹಂಚಿನ ನಡುವೆ ಮಾತ್ರ ಕೂತುಕೊಳ್ಳುತ್ತಿತ್ತು. ಈಗಲೂ ಎಣಿಕೆಯಿಲ್ಲ, ಆದರೆ ಬಡಿಸುವ ಕ್ರಮ ಬದಲಾಗಿತ್ತು. ಮೊದಲು ಹಸಿ ಮೆಂತ್ಯೆ, ಸೌತೆ, ಹೆಸರುಕಾಳು ಪಲ್ಯ, ಮೊಸರು ಬರುತ್ತಿದ್ದವು, ರೊಟ್ಟಿಯ ಬುಟ್ಟಿ ನಿಧಾನಕ್ಕೆ ಆಮೇಲೆ. ಎಲ್ಲರದೂ ಮುಗಿದ ಮೇಲೆ ಉಣ್ಣುತ್ತಿದ್ದ ಅತ್ತೆ ಈಗ ನನ್ನ ಜೊತೆಗೇ ಕೂತು, ನಾನು ಏಳುವಾಗಲೇ ಏಳುತ್ತಿದ್ದರು. ಮಕ್ಕಳ ತಟ್ಟೆಯ ಅನ್ನಕ್ಕೆ ಕೈ ಹಾಕಿದ ದಿನ ಮಾತ್ರ ಬೈದರು.

“ನಿನ್ನ ಹೊಟ್ಟಿ ಏನು ಮುಸುರಿ ಬಾನಿ ಏನವ್ವ? ಉಳಿದಿದ್ದು ತಿನ್ನಾಕ ಎಮ್ಮಿ ಐತಿ.”

ಸಂಜೆ ಗಿರಣಿಗೆ ಜೋಳ ಒಯ್ಯುವ ನೆಪ ಮಾಡಿ ನನ್ನನ್ನು ನಡೆಸಿಕೊಂಡು ಹೋಗುತ್ತಿದ್ದರು. ಹಿಟ್ಟು ಬೇಕಿರಲಿ ಬೇಡದಿರಲಿ, ಗಿರಣಿ ತಪ್ಪುತ್ತಿರಲಿಲ್ಲ. ವರ್ಷ ಕಳೆಯುವುದರೊಳಗೆ ನನ್ನ ಕುಪ್ಪಸಗಳಿಗೆಲ್ಲ ಹೊಸ ಹೊಲಿಗೆ ಬಿತ್ತು, ಬಸ್ಸಿನ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿದೆ. ಊಟಕ್ಕೆ ಎಷ್ಟು ರೊಟ್ಟಿ ಎಂದು ಡಾಕ್ಟರು ಕೇಳಿದರು. ನಮ್ಮ ಮನೆಯಲ್ಲಿ ಎಣಿಸುವುದಿಲ್ಲ ಸಾರ್ ಎಂದೆ.

ಇದರ ಇನ್ನೊಂದು ಬದಿ ನನಗೆ ಬಹಳ ತಡವಾಗಿ ಕಂಡಿತು. ತರಬೇತಿಗೆಂದು ಹೋದವಳು ಅದು ಬೇಗ ಮುಗಿದು ಮಧ್ಯಾಹ್ನಕ್ಕೇ ಮನೆಗೆ ಬಂದೆ. ಅಡುಗೆಮನೆಯಲ್ಲಿ ಅತ್ತೆ ಒಬ್ಬರೇ ಉಣ್ಣುತ್ತಿದ್ದರು. ತಟ್ಟೆಯ ಅಂಚು ದಾಟಿದ, ಹಂಚಿನಗಲದ ಹಳೆಯ ಅಳತೆಯ ರೊಟ್ಟಿ, ಮೇಲೆ ಶೇಂಗಾ ಚಟ್ನಿ. ನನ್ನನ್ನು ಕಂಡು ಕಳ್ಳತನದಲ್ಲಿ ಸಿಕ್ಕವರ ಹಾಗೆ ನಕ್ಕರು.

“ನೀ ಇಲ್ಲ ಅಂತ ಹೊಟ್ಟಿತುಂಬ ಉಣ್ಣಾಕತ್ತೀನಿ,” ಎಂದರು. “ನಿನ್ನ ಮುಂದ ನಾ ಇನ್ನೂ ಉಣ್ಣಾಕತ್ತಿದ್ರ ನಿನ್ನ ಕೈ ಬುಟ್ಟಿಗಿ ಹೋಗ್ತಿತ್ತಲ್ಲವ್ವ.”

ಅವರದು ಕಡ್ಡಿಯಂಥ ಮೈ, ಇಳಿಸಬೇಕಾದ ತೂಕವೇನೂ ಇರಲಿಲ್ಲ. ಆದರೂ ಅಷ್ಟು ಕಾಲ ನನ್ನ ಜೊತೆ ಅರೆಹೊಟ್ಟೆಯಲ್ಲಿ ಎದ್ದಿದ್ದರು. ನನಗೆ ನಗು ಬರಲಿಲ್ಲ. ಇನ್ನೊಂದು ಹಾಕುತ್ತೇನೆಂದರೆ ತಟ್ಟೆಗೆ ಕೈ ಅಡ್ಡ ಹಿಡಿದರು. ಪಕ್ಕದಿಂದ ಜಾರಿಸಿದೆ.

ಅತ್ತೆ ಹೋಗಿ ವರ್ಷವಾಯಿತು. ಅವರ ವರ್ಷದ ಎಡೆಗೆ ನಾನೇ ರೊಟ್ಟಿಗೆ ಕೂತೆ. ಚಿಕ್ಕ ರೊಟ್ಟಿಗೇ ಒಗ್ಗಿದ್ದ ಕೈ ದೊಡ್ಡ ಉಂಡೆಗೆ ಬಗ್ಗಲಿಲ್ಲ, ಅಂಚು ಸೀಳಿತು, ಮುದ್ದೆ ಮಾಡಿ ಮತ್ತೆ ಬಡಿದೆ. ಕೊನೆಗೊಂದು ಹಂಚಿನಗಲವಾಗಿ ಎದ್ದಿತು. ಎಡೆಗೆ ಇಷ್ಟು ಸಾಕಲ್ಲ ಎಂದು ಗಂಡ ಬಾಗಿಲಲ್ಲಿ ನಿಂತು ಹೇಳಿದರು. ನಾನು ಬುಟ್ಟಿ ತುಂಬುವವರೆಗೆ ಬಡಿದೆ, ಎಣಿಸಲಿಲ್ಲ.