ಪೊನ್ನಾಡೈ ಆದ ಸ್ಕಾರ್ಫು

ನನ್ನ ಫುಟ್‌ಬಾಲ್ ಸ್ಕಾರ್ಫು ಇವತ್ತು ಕೈಬಿಟ್ಟುಹೋಯಿತು, ಗೆಳೆಯರೇ. ಅದು ಇಂಗ್ಲೆಂಡಿನ ಒಂದು ಪುಟ್ಟ ಕ್ಲಬ್ಬಿನದು; ಆ ಕ್ಲಬ್ಬಿಗೆ ತಮಿಳುನಾಡಿನ ನಮ್ಮ ಕಂಬಂ ಊರಿನಲ್ಲಿ ಇರುವ ಅಭಿಮಾನಿ ನಾನೊಬ್ಬನೇ. ತಂಗಿಯ ಮಗಳ ಕಿವಿ ಚುಚ್ಚುವ ಶಾಸ್ತ್ರಕ್ಕೆ, ಮೊನ್ನೆಯಷ್ಟೇ ಚುನಾವಣೆಯಲ್ಲಿ ಸೋತ ಮುರುಗೇಶಣ್ಣ ಬಂದಿದ್ದರು. ದೊಡ್ಡ ಮನುಷ್ಯರಿಗೆ ಹೊದಿಸುವ ಪೊನ್ನಾಡೈ ಶಾಲು ತರಲು ದೊಡ್ಡಪ್ಪ ಮರೆತಿದ್ದರು. ನನ್ನ ಬೀರುವಿನಲ್ಲಿದ್ದ ಸ್ಕಾರ್ಫನ್ನೇ ತಂದು ಹೊದಿಸಿಬಿಟ್ಟರು. ಅದರ ಮೇಲೆ ಇಂಗ್ಲಿಷಿನಲ್ಲಿ ‘ಸೋತರೂ ನಿನ್ನ ಜೊತೆಗೇ’ ಎಂದು ನೇಯ್ದಿದೆ. ಮುರುಗೇಶಣ್ಣ ಎರಡು ಸಲ ಓದಿ ಕಣ್ಣೊರೆಸಿಕೊಂಡರು.

“ಗೆದ್ದೋರ್ಗೆ ಎಲ್ಲಾರೂ ಹಾಕ್ತಾರೆ ಅಣ್ಣೇ. ಸೋತೋನ್ಗೆ ಹಿಂಗೆ ಬರ್ಸಿ ಹಾಕಿದ್ದು ನೀವೇ.”

ದೊಡ್ಡಪ್ಪ ನನ್ನತ್ತ ನೋಡದೆ, “ನಿಮ್ಗೇಂತಲೇ ಲಂಡನ್ನಿಂದ ತರ್ಸ್ದೆ ತಂಬಿ” ಎಂದರು.

ಸಂಜೆ ಮುರುಗೇಶಣ್ಣನ ಫೋನ್ ಬಂತು. ಅವರ ಕಾರ್ಯಕರ್ತರಿಗೆಲ್ಲ ಅಂಥದೇ ಬೇಕಂತೆ. ಅಷ್ಟು ಜನ ನಮ್ಮ ಕ್ಲಬ್ಬಿನ ಆಟ ನೋಡಲಿಕ್ಕೇ ಬರುವುದಿಲ್ಲ.